ಅಡುಗೆಮನೆ ನೋಡಿ ಆರಿಸಿದ ಕಡಲತೀರ

2023ರಲ್ಲಿ ನಾನು ಅಮೆರಿಕದ ವುಡ್‌ಬ್ರಿಡ್ಜ್ ಊರಿನ ಒಂದು ಸಣ್ಣ ಟ್ರಾವೆಲ್ ಏಜೆನ್ಸಿಯಲ್ಲಿ ಸೀನಿಯರ್ ಕನ್ಸಲ್ಟೆಂಟ್ ಆಗಿದ್ದೆ. ಆಗಲೇ ಹತ್ತೊಂಬತ್ತು ವರ್ಷದ ಸರ್ವಿಸ್. ಹಿಮ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡ ನಮ್ಮ ಜನ ಚಳಿಗಾಲದಲ್ಲಿ ಕೆರಿಬಿಯನ್ ಬಿಸಿಲು ಹುಡುಕಿಕೊಂಡು ಬರುತ್ತಿದ್ದರು. ಯಾವ ದ್ವೀಪದ ಯಾವ ಮಗ್ಗುಲು ಯಾರಿಗೆ ಹೊಂದುತ್ತದೆ ಎಂದು ಹೇಳುವುದು ನನ್ನ ಕೆಲಸ. ಆ ಜನವರಿಯಲ್ಲಿ ಅದನ್ನು ಅರ್ಧ ಮಾಡಿ ಬಿಟ್ಟೆ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹತ್ತಿರದ ಊರು ವೆಸ್ಟ್ ವಿಂಡ್ಸರ್‌ನ ಮೂರು ಮನೆಗಳ ಹನ್ನೊಂದು ಜನ ಒಂದು ವಾರಕ್ಕೆ ಹೊರಟಿದ್ದರು. ಮುಂದಾಳು ಪ್ರಕಾಶ, ಫಾರ್ಮಾ ಕಂಪನಿಯ ಮ್ಯಾನೇಜರ್. ಜೊತೆಗೆ ಅವನ ಅತ್ತೆ ಸರೋಜಕ್ಕ, ಅರವತ್ತೆಂಟು ವರ್ಷ, ಮೂಲ ಧಾರವಾಡ. ಮಂಡಿ ಆಪರೇಷನ್ ಆದಮೇಲೆ ನೀರಿನಲ್ಲಿ ವ್ಯಾಯಾಮ ಮಾಡಿ ಎಂದು ಡಾಕ್ಟರ್ ಹೇಳಿದ್ದರಿಂದ ಪೂಲಿಗೆ ಹೋಗಲು ಶುರು ಮಾಡಿದವರು, ಒಂದು ವರ್ಷದಲ್ಲಿ ಈಜನ್ನೇ ಕಲಿತುಬಿಟ್ಟಿದ್ದರು. ಅವರೇ ನನಗೆ ಫೋನ್ ಮಾಡಿದರು.

“ಒಮ್ಮೆ ಸಮುದ್ರದಾಗ ಈಸಬೇಕು ಅಂತ ಆಸೆ ಐತಿ ನೋಡವಾ. ನೀರು ಸುಮ್ಮನ ಇರೋ ಜಾಗ ಆರಿಸಿಕೊಡು, ಅಷ್ಟ ಸಾಕು.”

“ಅದಕ್ಕೇ ಅಲ್ವಾ ಅಕ್ಕ ನಾನಿರೋದು” ಎಂದೆ.

ಆ ದ್ವೀಪಗಳಲ್ಲಿ ಗಾಳಿ ಬಹುಪಾಲು ಪೂರ್ವದಿಂದ ಬೀಸುತ್ತದೆ. ಗಾಳಿಗೆ ಮುಖ ಕೊಟ್ಟ ಪೂರ್ವದ ದಂಡೆಗೆ ವಿಂಡ್‌ವರ್ಡ್ ಎನ್ನುತ್ತೇವೆ, ಅಲ್ಲಿ ಅಲೆ ಜೋರು. ಗುಡ್ಡದ ಮರೆಯ ಪಶ್ಚಿಮ ದಂಡೆ ಲೀವರ್ಡ್, ಅಲ್ಲಿ ನೀರು ಸಾಮಾನ್ಯವಾಗಿ ಶಾಂತ. ಫೋಟೋಗಳನ್ನು ನಾನು ನಂಬುತ್ತಿರಲಿಲ್ಲ. ಹೋಟೆಲಿಗೆ ಫೋನ್ ಮಾಡಿ, ಬುಕಿಂಗ್‌ನವರನ್ನು ಬಿಟ್ಟು ದಂಡೆಯಲ್ಲಿ ಕೆಲಸ ಮಾಡುವವರನ್ನೇ ಕೇಳುತ್ತಿದ್ದೆ: ಕಳೆದ ವಾರ ಕೆಂಪು ಬಾವುಟ ಎಷ್ಟು ದಿನ ಹಾರಿತು? ಕೆಂಪು ಎಂದರೆ ನೀರಿಗೆ ಇಳಿಯಬೇಡಿ ಎಂದು. ಪಶ್ಚಿಮದ ಒಂದು ಕೊಲ್ಲಿಯಲ್ಲಿ ಒಂದು ದಿನವೂ ಹಾರಿರಲಿಲ್ಲ. ಅದನ್ನೇ ಪ್ರಕಾಶನಿಗೆ ಸೂಚಿಸಿದೆ.

ಎರಡು ದಿನ ಬಿಟ್ಟು ಅವನ ಫೋನ್. “ಆಂಟಿ, ಗ್ರೂಪ್‌ನಲ್ಲಿ ವೋಟ್ ಹಾಕಿದ್ವಿ. ಈಸ್ಟ್ ಸೈಡ್ ರೆಸಾರ್ಟ್ ಫೈನಲ್. ಅಲ್ಲಿ ಕಿಚನ್ ಯೂಸ್ ಮಾಡೋಕೆ ಬಿಡ್ತಾರೆ, ನಾವೇ ಅನ್ನ ಸಾರು ಮಾಡ್ಕೋಬಹುದು.”

ಏಳು ದಿನ ಸಾರಿಲ್ಲದಿದ್ದರೆ ಪ್ರಾಣ ಹೋಗುತ್ತಿತ್ತೇನೋ! ಅಲ್ಲಿಗೂ ಫೋನ್ ಮಾಡಿದೆ. ಏಳು ದಿನದಲ್ಲಿ ಐದು ದಿನ ಕೆಂಪು ಬಾವುಟ. ಪ್ರಕಾಶನಿಗೆ ಹೇಳಿದೆ.

“ಅತ್ತೆಗೆ ಪೂಲ್ ಇದೆಯಲ್ಲ ಆಂಟಿ. ಸುಮ್ನೆ ಎಕ್ಸೈಟ್ ಆಗಿದ್ದಾರೆ ಅಷ್ಟೆ.”

‘ಈ ದಂಡೆ ಈಜಲು ಸುರಕ್ಷಿತವಲ್ಲ’ ಎಂದು ಅವನಿಗೆ ವಿವರವಾಗಿ ಇಮೇಲ್ ಬರೆದೆ. ‘ನೋಟೆಡ್’ ಎಂದು ಉತ್ತರ ಬಂತು. ಬುಕ್ ಮಾಡಿದೆ, ಕೈ ತೊಳೆದುಕೊಂಡೆ. ವೋಟ್ ಹಾಕಿದ ಆ ಗ್ರೂಪ್‌ನಲ್ಲಿ ಸರೋಜಕ್ಕ ಇರಲೇ ಇಲ್ಲವೆಂದು ಆಮೇಲೆ ತಿಳಿಯಿತು.

ಅಲ್ಲಿ ಎರಡು ದಿನ ಎಲ್ಲರೂ ಊರು ಸುತ್ತಿದರು. ಮೂರನೆಯ ಬೆಳಿಗ್ಗೆ ಉಳಿದವರು ಒಗ್ಗರಣೆ ಹಾಕುತ್ತಿದ್ದಾಗ ಸರೋಜಕ್ಕ ಒಬ್ಬರೇ ದಂಡೆಗೆ ಇಳಿದರು. ಕೆಂಪು ಬಾವುಟ ಕಂಡಿತ್ತು, ಹೋಟೆಲಿನದ್ದಿರಬೇಕು ಅಂದುಕೊಂಡರಂತೆ. ಅದರ ಅರ್ಥವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಅಲೆಯೊಂದು ಮಗುಚಿ ಹಾಕಿ ಕಲ್ಲಿನ ಮೇಲೆ ಎಳೆದೊಯ್ದಿತು. ಕುರ್ಚಿ ಬಾಡಿಗೆಗೆ ಕೊಡುವವನೊಬ್ಬ ಓಡಿ ಬಂದು ಎಳೆದು ಹಾಕದಿದ್ದರೆ ಹೆಣ ಬರುತ್ತಿತ್ತು. ಭುಜದ ಮೂಳೆ ಮುರಿದು, ಶ್ವಾಸಕೋಶಕ್ಕೆ ನೀರು ಹೋಗಿ, ನಾಲ್ಕು ದಿನ ಅಲ್ಲಿನ ಆಸ್ಪತ್ರೆಯಲ್ಲಿದ್ದರು.

ಅವರು ವಾಪಸ್ ಬಂದ ಮೇಲೆ ನೋಡಲು ಪ್ರಕಾಶನ ಮನೆಗೆ ಹೋದೆ. ನಾಚಿಕೆಗೇಡು, ಬ್ಯಾಗಿನಲ್ಲಿ ಇಮೇಲಿನ ಪ್ರಿಂಟ್ ಇಟ್ಟುಕೊಂಡೇ ಹೋಗಿದ್ದೆ. ತೆಗೆದು ಕೊಟ್ಟೆ, ಸರೋಜಕ್ಕ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

“ಕೆಂಪು ಬಾವುಟ, ತೆರಿ, ಎಲ್ಲಾ ಬರದೀಯಲ್ಲ.”

“ಹೌದಕ್ಕ.”

“ನೀರಿಗೆ ಇಳಿಯಾಕಿ ನಾನು. ನನಗ್ಯಾಕ ಹೇಳಲಿಲ್ಲ? ನೀ ಆರಿಸಿದ ಜಾಗ ಅಂತ ನಂಬಿ ಇಳಿದೆ.”

“ಆಂಟಿದೇನೂ ತಪ್ಪಿಲ್ಲ ಅತ್ತೆ, ಅವರು ಮೇಲ್ ಕಳ್ಸಿದ್ರು” ಎಂದ ಪ್ರಕಾಶ. ಅವನು ನನ್ನ ಪರ ವಹಿಸಿದನಲ್ಲ, ಅದೇ ಕಪಾಳಕ್ಕೆ ಹೊಡೆದಂತಾಯಿತು. “ಬಾಯಿ ಮುಚ್ಚು ಪ್ರಕಾಶ” ಎಂದು ಅವನ ಮನೆಯಲ್ಲೇ ಕೂಗಿದೆ. ಅವನ ಮೇಲಿನ ಸಿಟ್ಟು ವರ್ಷದೊಳಗೆ ಇಳಿಯಿತು. ನನ್ನ ಮೇಲಿನದು ಇಳಿದಿಲ್ಲ. ಅವನಿಗೆ ಗಾಳಿಯ ದಿಕ್ಕು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅಕ್ಕನ ನಂಬರೂ ನನ್ನ ಫೋನಿನಲ್ಲೇ ಇತ್ತು.

ಆಮೇಲೆ ಕಳೆದ ವರ್ಷ ನಿವೃತ್ತಳಾಗುವ ತನಕ, ಯಾರೇ ಬುಕ್ ಮಾಡಲು ಬರಲಿ, “ನೀರಿಗೆ ಇಳಿಯೋರು ಯಾರು? ಫೋನ್ ಅವರಿಗೆ ಕೊಡಿ” ಎನ್ನುತ್ತಿದ್ದೆ. ಕೆಲವರು ಮುಖ ಸಿಂಡರಿಸಿ ಬೇರೆ ಏಜೆನ್ಸಿಗೆ ಹೋದರು, ಹೋಗಲಿ. ಎಚ್ಚರಿಕೆ ಕೊಡುವುದೆಂದರೆ ಅಪಾಯ ಯಾರಿಗೋ ಅವರ ಕಿವಿಗೆ ಅದನ್ನು ಮುಟ್ಟಿಸುವುದು, ಮಿಕ್ಕಿದ್ದೆಲ್ಲ ನಮ್ಮ ತಲೆ ಉಳಿಸಿಕೊಳ್ಳುವ ಉಪಾಯ. ಈ ಪಾಠ ನನಗೆ ಆಯಿತು. ಸರೋಜಕ್ಕನ ಭುಜವೂ ಕೂಡಿಕೊಂಡಿದೆ. ಆದರೆ ಅವರು ಮತ್ತೆ ಪೂಲಿಗೂ ಇಳಿದಿಲ್ಲ.