ಜಯಶೀಲರ ಆಂಪ್ಲಿಫೈಯರಿಗೆ ಎನ್‌ಒಸಿ ಇಲ್ಲ

"ನನ್ನ ಮನೆಯ ಕರೆಂಟು ನಿಮ್ಮ ಫ್ರಿಜ್ಜಿಗೆ ಬರುವುದು ಹೌದಾದರೆ, ಅದು ಬರುವುದು ಯಾವ ದಾರಿಯಲ್ಲಿ ಮಾರಾಯ್ರೆ?"

2008ರ ಮಾರ್ಚ್ ತಿಂಗಳ ಒಂದು ಭಾನುವಾರ, ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಮಗ್ಗುಲಿನ ನಮ್ಮ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಜಯಶೀಲ ನನ್ನನ್ನು ಹೀಗೆ ಕೇಳಿದರು. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಬದಲು, ಕೈಯಲ್ಲಿದ್ದ ಎರಡು ಪುಟದ ವರದಿಯನ್ನೇ ಇನ್ನೊಮ್ಮೆ ಗಟ್ಟಿಯಾಗಿ ಓದಿದೆ.

ಜಯಶೀಲ ಕಾಪು ಕಡೆಯವರು. ಎಂಐಡಿಸಿಯ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸ. ಕಲ್ಯಾಣ, ಠಾಣೆಗಳಲ್ಲಿ ಹಳೆಯ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಅದು. ಗಾಜಿನ ವಾಲ್ವುಗಳು ಹೊತ್ತಿಕೊಂಡು ಕೆಲಸ ಮಾಡುವ ಅವುಗಳ ಆಂಪ್ಲಿಫೈಯರುಗಳು ಗುಜರಿಗೆ ಬಂದರೆ ಸಾಕು, ಜಯಶೀಲ ರಿಕ್ಷಾದಲ್ಲಿ ಮನೆಗೆ ತರುತ್ತಿದ್ದರು. ಟ್ರಾನ್ಸ್‌ಫಾರ್ಮರಿಗೆ ಹೊಸದಾಗಿ ತಂತಿ ಸುತ್ತಿ, ಸೋರುವ ಕಂಡೆನ್ಸರುಗಳನ್ನು ಕಿತ್ತು, ಸರ್ಕ್ಯೂಟನ್ನು ತಮಗೆ ಬೇಕಾದಂತೆ ಬದಲಿಸಿ, ಕೊನೆಗೊಂದು ದಿನ ಅದರಿಂದ ಹಾಡು ಹೊರಡಿಸುತ್ತಿದ್ದರು. ಮರುದಿನವೇ ಮತ್ತೆ ಬಿಚ್ಚುತ್ತಿದ್ದರು.

"ಸರಿಯಾಯ್ತಲ್ಲ, ಇನ್ನು ಎಂತಕ್ಕೆ ಬಿಚ್ಚುವುದು?" ಎಂದು ಅವರ ಹೆಂಡತಿ ಜಲಜಾಕ್ಷಿ ನನ್ನೆದುರಿಗೇ ಕೇಳಿದ್ದುಂಟು.

"ಸರಿಯಾದದ್ದು ಹೌದು. ಯಾಕೆ ಸರಿಯಾಯ್ತು ಅಂತ ಗೊತ್ತಾಗಲಿಲ್ಲ."

"ಕೇಳಿದ್ರಲ್ಲ? ನಮ್ಮ ಮನೆಯಲ್ಲಿ ಕುಕ್ಕರ್ ಕೂಡ ಇವರ ಪರ್ಮಿಶನ್ ಕೇಳಿಯೇ ಸೀಟಿ ಹೊಡೆಯಬೇಕು," ಎಂದರು ಜಲಜಾಕ್ಷಿ, ಊಟದ ಮೇಜಿನ ಮೇಲೆ ಹರಡಿದ್ದ ತಿರುಪುಗಳನ್ನು ಬದಿಗೆ ಸರಿಸುತ್ತಾ. ಊಟಕ್ಕೆ ಎಂದೂ ದೊರೆಯದ ಆ ಮೇಜಿನ ಕೆಲಸವೇ ಜಯಶೀಲರ ಬದುಕಿನ ಏಕೈಕ ಹಟವಾಗಿತ್ತು.

2007ರ ಮಳೆಗಾಲದಿಂದ ಕಟ್ಟಡದ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಬೆರಳು ಜುಮ್ಮೆನ್ನತೊಡಗಿತು. ಎಲ್ಲರ ಸಂಶಯವೂ ಆ ಮೇಜಿನ ಮೇಲೆಯೇ. ಸೊಸೈಟಿಯ ಸೆಕ್ರೆಟರಿ ತಾರಾನಾಥ, ಠಾಣೆಯಲ್ಲಿ ಹೋಟೆಲು ನಡೆಸುವವರು, ತನಿಖೆಯನ್ನು ನನಗೆ ಒಪ್ಪಿಸಿದರು. ನಾನು ಬೇಲಾಪುರದ ಕಚೇರಿಯಲ್ಲಿ ನಕ್ಷೆಗಳನ್ನು ಪರಿಶೀಲಿಸುವವನು. ಕನ್ನಡ ಸಂಘದ ಮಾಸಿಕಕ್ಕೆ ವಿಜ್ಞಾನದ ಲೇಖನ ಬರೆಯುತ್ತಿದ್ದುದೇ ನನ್ನ ಅರ್ಹತೆ. ಮೂರು ಭಾನುವಾರ ಮೀಟರು ಹಿಡಿದು ಅಳೆದೆ. ಜಯಶೀಲರ ಆಂಪ್ಲಿಫೈಯರ್ ಚಾಲೂ ಇದ್ದಾಗ ನಮ್ಮ ಫ್ರಿಜ್ಜಿನ ಮೈಗೂ ನಲ್ಲಿಗೂ ನಡುವೆ ಅರುವತ್ತೈದು ವೋಲ್ಟ್. ಬಂದ್ ಮಾಡಿದಾಗ ನಲವತ್ತು. ಕಾರಣ ಸಿಕ್ಕಿತೆಂದು ಬರೆದೆ. ಉಳಿದ ನಲವತ್ತು ಎಲ್ಲಿಂದ ಬಂತೆಂದು ಬರೆಯಲಿಲ್ಲ.

ಕಟ್ಟಡದ ಅರ್ಥಿಂಗೇ ಸರಿಯಿಲ್ಲವೆಂಬುದು ಜಯಶೀಲರ ವಾದ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ತಂತಿಯ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಎಂಟು ಅಡಿಯ ಗುಂಡಿ ತೋಡಿ, ತಾಮ್ರದ ತಗಡು ಇಳಿಸಿ, ಇದ್ದಿಲು ಮತ್ತು ಉಪ್ಪು ತುಂಬಲು ಅನುಮತಿ ಕೊಡಿ ಎಂದು ಅದಾಗಲೇ ಎರಡು ಅರ್ಜಿ ಹಾಕಿದ್ದರು. ಮೊದಲನೆಯದಕ್ಕೆ, ಅಂಗಳಕ್ಕೆ ಈಗಷ್ಟೇ ಕಲ್ಲು ಹಾಸಿದೆ ಎಂಬ ಉತ್ತರ. ಎರಡನೆಯದಕ್ಕೆ, ಎನ್‌ಒಸಿ ಎಂಬ ನಿರಾಕ್ಷೇಪಣಾ ಪತ್ರ ಯಾರು ಕೊಡುವುದೆಂಬ ಪ್ರಶ್ನೆ. ಮೂರನೆಯ ಅರ್ಜಿ ಆ ದಿನದ ಸಭೆಗೆ ಬಂತು.

"ಎಂಟು ಅಡಿ ಗುಂಡಿ ಎಂತಕ್ಕೆ ಜಯಶೀಲಣ್ಣ?" ಎಂದರು ತಾರಾನಾಥ. "ಆಂಪ್ಲಿಫೈಯರ್ ಹುಗಿಯಲಿಕ್ಕಾ?"

"ಅಲ್ಲ, ನಿಮ್ಮ ಫೈಲು ಹುಗಿಯಲಿಕ್ಕೆ."

ಸಭೆ ನಕ್ಕಿತು, ಅರ್ಜಿ ಬಿತ್ತು. ಉಪ್ಪು ಕಟ್ಟಡದ ಪಾಯವನ್ನು ತಿನ್ನುತ್ತದೆ ಎಂಬುದು ಈ ಸಲದ ಕಾರಣ. ಮನೆಯಲ್ಲಿ ಆಂಪ್ಲಿಫೈಯರಿಗೆ ಕರೆಂಟು ಕೊಡಬಾರದೆಂದು ಠರಾವಾಯಿತು. ಆಧಾರ ನನ್ನ ವರದಿ. ಜಯಶೀಲ ಓದಿ ಸಹಿ ಹಾಕಿದರು.

ಅಲ್ಲಿಂದ ಮುಂದೆ ಅವರು ನಡೆದುಕೊಂಡ ರೀತಿ ಎಂಥವರ ತಾಳ್ಮೆಯನ್ನೂ ಕೆಡಿಸುವಂತಿತ್ತು. ಬೆಸುಗೆ ಮನೆಯಲ್ಲಿ, ಪರೀಕ್ಷೆ ಎರಡು ಸ್ಟೇಷನ್ ಆಚೆಯ ದಿವಾದಲ್ಲಿ, ತಮ್ಮ ದಯಾನಂದನ ಒಂದೇ ಕೋಣೆಯ ಖೋಲಿಯಲ್ಲಿ. ಹದಿನಾರು ಕಿಲೋ ತೂಕದ ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಸ್ಲೋ ಲೋಕಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಂತು ಪ್ರತಿ ಭಾನುವಾರ ಹೊರಡುವರು. "ಕಾಯ್ ಕಾಕಾ, ಆಜ್ ಪುನ್ಹಾ?" ಎಂದು ಮೀನಿನ ಹೆಂಗಸರು ಅಣಕಿಸುವರು. ಇವತ್ತೂ ಮತ್ತೆಯೇ; ಏಕೆಂದರೆ ಹೋದ ವಾರ ಬದಲಿಸಿದ ಒಂದು ರೆಸಿಸ್ಟರು ತಪ್ಪಾಗಿತ್ತು, ಅದನ್ನು ತಿದ್ದಲು ಒಂದು ವಾರ, ತಿದ್ದಿದ್ದು ಸರಿಯೇ ಎಂದು ನೋಡಲು ಇನ್ನೊಂದು ವಾರ.

"ಅಲ್ಲಿಯೇ ಬಿಟ್ಟು ಬರಬಾರದೇ?" ಎಂದು ರೇಗಿದೆ.

"ದಯಾನಂದನ ಖೋಲಿಯಲ್ಲಿ ಐದು ಜನ ಇದ್ದಾರೆ. ಆರನೆಯದು ಎಲ್ಲಿ ಮಲಗುವುದು?"

ಆ ವರ್ಷ ಮೇ ತಿಂಗಳ ಕೊನೆಗೆ ಫ್ರಿಜ್ಜುಗಳ ಜುಮ್ಮು ನಿಂತುಹೋಯಿತು. ಮಳೆಗಾಲದಲ್ಲೂ ಮರಳಲಿಲ್ಲ. ಕಾರಣವನ್ನು ತೆಗೆದಾಗ ಪರಿಣಾಮವೂ ಹೋಗುವುದೇ ಕಾರಣಕ್ಕೆ ಪುರಾವೆ ಎಂದು ನೋಟಿಸ್ ಬೋರ್ಡಿಗೆ ಒಂದು ಟಿಪ್ಪಣಿ ಬರೆದು ಅಂಟಿಸಿದೆ. ಜಯಶೀಲ ಕನ್ನಡಕ ಏರಿಸಿ ಅದನ್ನು ಪೂರ್ತಿ ಓದಿ, "ಒಳ್ಳೆಯದಾಯ್ತಲ್ಲ" ಎಂದರು.

ಮೂರು ವರ್ಷಗಳ ಅನಂತರ, ಅವರ ಬೆನ್ನುನೋವು ನೋಡಲಾಗದೆ, ನಾನೇ ಹೇಳಿದೆ: "ಒಂದು ದಿನ ಮನೆಯಲ್ಲೇ ಹಾಕಿ ನೋಡೋಣ. ಜುಮ್ಮೆನ್ನದಿದ್ದರೆ ಸೊಸೈಟಿಗೆ ನಾನೇ ಬರೆದುಕೊಡುತ್ತೇನೆ."

"ಬೇಡ ಮಾರಾಯ್ರೆ. ಆಮೇಲೆ ಈಗ ಯಾಕೆ ಜುಮ್ಮೆನ್ನುವುದಿಲ್ಲ ಅಂತ ನೀವು ಹುಡುಕಲಿಕ್ಕೆ ಹೊರಡ್ತೀರಿ. ಸಹಿ ಹಾಕಿದ್ದೇನಲ್ಲ, ಇರಲಿ."

ಇಂಥ ಮನುಷ್ಯನೊಡನೆ ಏನೆಂದು ವಾದಿಸುವುದು? ನಾನು ಕೈಬಿಟ್ಟೆ. 2014ರ ಆಗಸ್ಟಿನಲ್ಲಿ ಜಯಶೀಲ ಹೃದಯಾಘಾತದಿಂದ ತೀರಿಕೊಂಡರು. ಆರು ವರ್ಷಗಳಲ್ಲಿ ಒಮ್ಮೆಯೂ ಅವರ ಮೇಜಿನ ಮೇಲೆ ವಾಲ್ವ್ ಹೊತ್ತಿಕೊಂಡಿರಲಿಲ್ಲ.

2016ರಲ್ಲಿ ಹೊಸ ಡ್ರೈನೇಜ್ ಪೈಪಿಗಾಗಿ ಅಂಗಳದ ತುಳಸಿಕಟ್ಟೆಯನ್ನು ಸರಿಸಬೇಕಾಯಿತು. ಅಗೆಯಲು ಬಂದವನು ಯಂಕಪ್ಪ, ವಿಜಯಪುರದ ಕಡೆಯವನು, ಎಂಐಡಿಸಿಯಲ್ಲಿ ಇಂಥ ಕೆಲಸಗಳಿಗೆಲ್ಲ ಸಿಗುವವನು. ಅವನು ಗುದ್ದಲಿ ಕೆಳಗಿಟ್ಟ.

"ಇದನ್ನ ಕೀಳಬ್ಯಾಡ್ರಿ ಸಾಹೇಬ್ರ. ಬುಡಕ ತಾಮ್ರದ ತಗಡ ಐತಿ."

"ನಿನಗೆ ಹೇಗೆ ಗೊತ್ತು?"

"ನಾನ ಇಳಿಸೀನ್ರಿ. ಎಂಟ ಫೂಟ ಅಗದು, ಇದ್ದಲಿ, ಉಪ್ಪು ತುಂಬಿದ್ದೂ ನಾನ. ನೀವೆಲ್ಲಾ ಆಫೀಸಿಗೆ ಹೋಗಿದ್ರಿ. ಜಯಶೀಲ ಸಾಹೇಬ್ರು ರಜಾ ಹಾಕಿ, ಪಟ್ಟಿ ಎಳದು ಮೀಟರ್ ರೂಮಿಗೆ ಜೋಡಿಸಿದ್ರು."

ಮೀಟರ್ ರೂಮಿಗೆ ಹೋಗಿ ನೋಡಿದೆವು. ಕಟ್ಟಡದ ಎಲ್ಲ ಮನೆಗಳಿಂದ ಇಳಿದು ಬಂದ ಅರ್ಥಿಂಗ್ ತಂತಿ ಗೋಡೆಯ ಮೇಲೆ ಗೇಣುದ್ದ ಸಾಗಿ, ಎಲ್ಲಿಗೂ ತಲುಪದೆ ಮುಗಿದಿತ್ತು. ಯಾವ ಮನೆಯಲ್ಲಿ ಸೋರಿದ ಕರೆಂಟೂ ಇಳಿಯಲು ನೆಲ ಸಿಗದೆ ಈ ದಾರಿಯಲ್ಲೇ ಎಲ್ಲರ ಫ್ರಿಜ್ಜಿಗೂ ಹೋಗುತ್ತಿದ್ದದ್ದು. ಅದರ ತುದಿಗೆ ತಾಮ್ರದ ಪಟ್ಟಿಯೊಂದನ್ನು ಅಚ್ಚುಕಟ್ಟಾಗಿ ಬೆಸೆದು ಕೆಳಕ್ಕೆ ಒಯ್ಯಲಾಗಿತ್ತು.

ತುಳಸಿಕಟ್ಟೆಯ ಅರ್ಜಿ ಸೊಸೈಟಿಯ ಫೈಲಿನಲ್ಲಿ ಈಗಲೂ ಇದೆ. 2008ರ ಮೇ ತಿಂಗಳದ್ದು, ಜಲಜಾಕ್ಷಿಯವರ ಸಹಿ. ಅದೇ ಸಮಿತಿ ಒಂದೇ ಸಭೆಯಲ್ಲಿ ಒಪ್ಪಿತ್ತು. ಕಟ್ಟೆಯ ಮುಂದೆ ತೆಂಗಿನಕಾಯಿ ಒಡೆದವರು ತಾರಾನಾಥ.

"ಅರ್ಜಿ ಬರೆದುಕೊಟ್ಟದ್ದು ಅವರೇ. ಹೇಳಿದರೆ ನೀವು ಗುಂಡಿ ಮುಚ್ಚಿಸ್ತೀರಿ ಅಂತ ಹೇಳಲಿಲ್ಲ," ಎಂದರು ಜಲಜಾಕ್ಷಿ. "ತುಳಸಿಗೆ ತಪ್ಪದೆ ನೀರು ಹಾಕಲಿಕ್ಕೆ ಎಲ್ಲ ಹೆಂಗಸರಿಗೂ ಹೇಳು ಅಂತ ಮಾತ್ರ ನನ್ನ ಹತ್ತಿರ ನಾಲ್ಕು ಸಲ ಹೇಳಿದ್ರು."

ಮಣ್ಣು ಒಣಗಿದರೆ ಅರ್ಥಿಂಗ್ ಕೆಲಸ ಮಾಡುವುದಿಲ್ಲ. ಎಂಟು ವರ್ಷ, ನನ್ನ ಹೆಂಡತಿ ವಿಮಲಾ ಸೇರಿದಂತೆ ಕಟ್ಟಡದ ಹೆಂಗಸರೆಲ್ಲ ಬೆಳಿಗ್ಗೆ ಮಿಂದು ಬಂದು ಆ ಗುಂಡಿಗೆ ಒಂದೊಂದು ಚೊಂಬು ನೀರು ಹೊಯ್ದಿದ್ದರು.