ಟಚಪ್ ಮಾಮ ಮುರಿದ ಹಲ್ಲು

ನಮ್ಮ ಬೀದಿಯ ಫೋಟೋ ಸ್ಟುಡಿಯೋದವನನ್ನು ಎಲ್ಲರೂ ಟಚಪ್ ಮಾಮ ಎನ್ನುತ್ತಿದ್ದರು. ಇದ್ದ ಮುಖವನ್ನು ಇದ್ದ ಹಾಗೇ ಕೊಟ್ಟರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಪೆನ್ಸಿಲ್ಲು, ಸಣ್ಣ ಚಾಕು ಹಿಡಿದು ನೆಗೆಟಿವ್ ಮುಂದೆ ಕೂತನೆಂದರೆ ಮಚ್ಚೆ ಮಾಯ, ಬೊಕ್ಕತಲೆಗೆ ಕೂದಲು. ಮದುವೆಗೆ ಮುಂಚೆ ನಾನು ತೆಗೆಸಿದ ಫೋಟೋವೂ ಅವನ ಕೈಯದೇ. ಅದರಲ್ಲಿರುವ ಗಂಡಸನ್ನು ನನ್ನ ಹೆಂಡತಿ ಇವತ್ತಿಗೂ ಮನೆಯಲ್ಲಿ ಹುಡುಕುತ್ತಿದ್ದಾಳೆ.

ಇಸ್ತ್ರಿ ಅಂಗಡಿ ಅಕ್ಕನ ಒಬ್ಬನೇ ಮಗ ಸೈನ್ಯಕ್ಕೆ ಹೊರಟ ದಿನ ಮಾಮನ ಹತ್ತಿರವೇ ಫೋಟೋ ತೆಗೆಸಿದ. 'ಪ್ರಿಂಟು ರಜಕ್ಕೆ ಬಂದಾಗ ತಗೋತೀನಿ ಮಾಮ' ಎಂದು ಹೋದ. ಹುಟ್ಟುಗುಣ ಸುಟ್ಟರೂ ಹೋಗದು, ಮಾಮ ಅವತ್ತು ಸಂಜೆಯೇ ಕೂತು ತಿದ್ದಿಬಿಟ್ಟಿದ್ದ. ಹುಡುಗ ಯುದ್ಧದಲ್ಲಿ ಶತ್ರುಗಳ ಕೈಗೆ ಸಿಕ್ಕು, ಅವರ ಸೆರೆಯಲ್ಲೇ ಜ್ವರದಿಂದ ತೀರಿಕೊಂಡ. ಇಪ್ಪತ್ತೆರಡು ವರ್ಷ. ದೇಹ ಬರಲಿಲ್ಲ, ಬರೀ ಕಾಗದ ಬಂತು.

ಅವನು ಓದಿದ ಶಾಲೆಯವರು ಸಭಾಂಗಣದಲ್ಲಿ ಅವನ ದೊಡ್ಡ ಚಿತ್ರ ಹಾಕಲು ನಿಶ್ಚಯಿಸಿದರು. ಮನೆಯಲ್ಲಿ ಬೇರೆ ಫೋಟೋ ಇರಲಿಲ್ಲ. ಮಾಮ ಆ ನೆಗೆಟಿವ್ ಹುಡುಕಿ ಎರಡಡಿ ಪ್ರಿಂಟು ಮಾಡಿ ಅಕ್ಕನನ್ನು ಕರೆಸಿದ. ಅವಳು ಬಹಳ ಹೊತ್ತು ನೋಡಿದಳು.

'ಯಾರಣ್ಣ ಇವನು?'

'ನಿನ್ನ ಮಗನೇ ಕಣಮ್ಮ. ಮುರಿದ ಹಲ್ಲು ಸರಿ ಮಾಡಿದೀನಿ, ಕಿವಿನೂ ಸ್ವಲ್ಪ ಒಳಗೆ ತಳ್ಳಿದೀನಿ. ದೊಡ್ಡೋರೆಲ್ಲ ಬರ್ತಾರಲ್ಲ.'

'ಮೈಯಂತೂ ನನಗೆ ಕೊಡಲಿಲ್ಲ. ಮುಖಾನಾದ್ರೂ ಕೊಡಣ್ಣ.'

ಮಾಮ ನೆಗೆಟಿವ್ ತೆಗೆದು ಬೆಳಕಿಗೆ ಹಿಡಿದ. ನೆಗೆಟಿವ್ ಮೇಲೆ ಒಮ್ಮೆ ಕೆರೆದದ್ದು ಮತ್ತೆ ಬರುವುದಿಲ್ಲ. ಪ್ರಿಂಟಿನ ಮೇಲೆಯೇ ಬ್ರಶ್ಶು ಹಿಡಿದು ಬರೆಯಬೇಕು, ಅದೂ ಅವಳು ಹೇಳಿದಂತೆ. ಅಕ್ಕ ಮೂರು ಮಧ್ಯಾಹ್ನ ಇಸ್ತ್ರಿ ಆರಿಸಿ ಬಂದು ಸ್ಟೂಲಿನ ಮೇಲೆ ಕೂತಳು.

'ಹಲ್ಲು ಪೂರ್ತಿ ಹೋಗಿರಲಿಲ್ಲ. ಮೂಲೆ ಮಾತ್ರ.'

'ಹೀಗಾ?'

'ಹ್ಞೂಂ. ಕಿವಿ ಇನ್ನೂ ಆಚೆಗೆ.'

'ಇನ್ನೂನಾ?'

'ಇನ್ನೂ. ಅವರಪ್ಪನ ಕಿವಿ ಅದು.'

ಊರ ಮುಖಗಳ ಕುಂದೆಲ್ಲ ಅಳಿಸಿದವನು ಒಂದು ಕುಂದು ಬರೆಯಲಾರದೆ ಬೆವರುತ್ತಿದ್ದ. ನಾನು ಬಾಗಿಲಲ್ಲಿ ಇಣುಕಿ, 'ಏನ್ ಮಾಮ, ಕೈಚಳಕ ಮರೆತುಹೋಯ್ತಾ?' ಎಂದು ಕಿಚಾಯಿಸಿದೆ. ಅವನು ತಿರುಗಿಯೂ ನೋಡಲಿಲ್ಲ. ನನಗೆ ನಾಚಿಕೆಯಾಗಿ ಅಲ್ಲೇ ಬಾಗಿಲಿಗೆ ಒರಗಿ ನಿಂತೆ.

ಅವತ್ತು ಮೂರನೆಯ ದಿನ. ಮಾಮ ಹಲ್ಲಿನ ಅಂಚಿಗೆ ಕೂದಲೆಳೆಯಷ್ಟು ಕಪ್ಪು ತಾಗಿಸಿ ಹಿಂದೆ ಸರಿದು, ಏನು ಹೇಳುತ್ತಾಳೋ ಎಂದು ಅಕ್ಕನ ಮುಖ ನೋಡಿದ. ಅವಳು ಸ್ಟೂಲಿನಿಂದ ಎದ್ದು ಚಿತ್ರದ ಹತ್ತಿರ ಹೋಗಿ, 'ಬಂದ್ಯೇನೋ' ಎಂದಳು.