ಅಪ್ಪ ತಿದ್ದಿದ ಹತ್ತೊಂಬತ್ತು ಚಿತ್ರಗಳು

ಅಪ್ಪನ ಮೇಲಿನ ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಅವರು ಬಾಲಾನಗರದ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವುದು, ಬೇರೆಯವರು ಬರೆದದ್ದನ್ನು ತಪಾಸಣೆ ಮಾಡಿ ಮೂಲೆಯಲ್ಲಿ ಸಹಿ ಹಾಕುವುದು ಅವರ ಕೆಲಸ. ಆ ಸಹಿ ಇಲ್ಲದೆ ಒಂದು ಹಾಳೆಯೂ ಆಫೀಸಿನ ಬಾಗಿಲು ದಾಟುವಂತಿರಲಿಲ್ಲ. ಮನೆಯಲ್ಲೂ ಹಾಗೇ, ನಾನು ಊರಿಗೆ ಬರೆದ ಕಾಗದವೂ ಅವರ ಕಣ್ಣು ತಪ್ಪಿಸಿ ಅಂಚೆಡಬ್ಬಿ ಸೇರುತ್ತಿರಲಿಲ್ಲ.

ಚಿತ್ರಕಲಾ ಕಾಲೇಜಿಗೆ ಅರ್ಜಿ ಹಾಕುತ್ತೇನೆ ಎಂದಾಗ ಷರತ್ತು ಹಾಕಿದರು. "ಒಂದ ಸಲ ನೋಡೂಣು. ಆಗಲಿಲ್ಲಂದ್ರ ಬಾಯಿ ಮುಚ್ಚಿಕೊಂಡು ಪಾಲಿಟೆಕ್ನಿಕ್ ಸೇರಬೇಕು, ತಿಳೀತಿಲ್ಲೊ?"

ಆರು ತಿಂಗಳು ಸುಲ್ತಾನ್ ಬಜಾರಿನ ಫುಟ್‌ಪಾತಿನಲ್ಲಿ ಕೂತು ಚಿತ್ರ ಬರೆದೆ. ಬಳೆ ಅಂಗಡಿಯ ಮುಂದೆ ಚೌಕಾಸಿ ಮಾಡುವ ಹೆಂಗಸರು, ಒಂದು ಕಡೆ ವಾಲಿದ ತಳ್ಳುಗಾಡಿ, ಬಟ್ಟೆಗಂಟಿನ ಮೇಲೆ ತೂಕಡಿಸುವ ಮುದುಕ. ಕೊನೆಗೆ ಇಪ್ಪತ್ತು ಚಿತ್ರ ಆರಿಸಿದೆ. ಇಪ್ಪತ್ತನೆಯದು ಅಪ್ಪನದೇ: ಕನ್ನಡಕ ಹಣೆಗೇರಿಸಿ, ಬಾಯಿ ತೆರೆದು, ಬೆರಳೆತ್ತಿ ನನ್ನನ್ನು ಬೈಯುತ್ತಿರುವ ಅಪ್ಪ. ಮೈಯೆಲ್ಲ ಉರಿಯುತ್ತಿದ್ದಾಗ ಬರೆದದ್ದು. ಅವರಿಗೆ ಕಾಣಬಾರದೆಂದು ಎಲ್ಲಕ್ಕಿಂತ ಕೆಳಗಿಟ್ಟೆ.

ಸಂದರ್ಶನದ ಹಿಂದಿನ ದಿನ, "ಆಫೀಸಿನಾಗ ಚಲೋ ರಟ್ಟಿನ ಫೋಲ್ಡರ್ ಅದಾವ. ಹಾಕಿ ತರ್ತೀನಿ, ಕೊಡವಾ" ಎಂದರು. ಕೊಟ್ಟೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ! ಸಂಜೆ ದಾರ ಬಿಗಿದು ಕಟ್ಟಿ ತಂದದ್ದನ್ನು ಬಿಚ್ಚಿ ಕೂಡ ನೋಡಲಿಲ್ಲ.

ಮರುದಿನ ಕಾಲೇಜಿನಲ್ಲಿ ಮೂವರು ಪರೀಕ್ಷಕರ ಮುಂದೆ ಗಂಟು ಬಿಚ್ಚಿದೆ. ವಾಲಿದ ಗಾಡಿ ನೆಟ್ಟಗೆ ನಿಂತಿತ್ತು. ನನ್ನ ಪೆನ್ಸಿಲ್ ಗೆರೆಗಳ ಮೇಲೆ ಸ್ಕೇಲಿಟ್ಟು ಕಪ್ಪು ಶಾಯಿ ಎಳೆದಿದ್ದರು. ಬಳೆಗಳೆಲ್ಲ ಕಂಪಾಸಿನಲ್ಲಿ ಸುತ್ತಿದ ವೃತ್ತಗಳು. ತೂಕಡಿಸುವ ಮುದುಕನ ಬೆನ್ನನ್ನೂ ಬಿಟ್ಟಿರಲಿಲ್ಲ, ಪುಣ್ಯಾತ್ಮ! ಪ್ರತಿ ಹಾಳೆಯ ಬಲಮೂಲೆಯಲ್ಲಿ ತಪಾಸಣೆಯಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದು, ಸಹಿ, ತಾರೀಖು.

ನಡುವೆ ಕೂತಿದ್ದವರು ನಕ್ಕರು. ಇದರಲ್ಲಿ ನಿನ್ನ ಕೈ ಯಾವುದಮ್ಮಾ ಎಂದು ತೆಲುಗಿನಲ್ಲಿ ಕೇಳಿದರು. ಹಾಳೆ ತಿರುವುತ್ತ ಕೊನೆಯದಕ್ಕೆ ಬಂದು ನಿಂತರು. ಬೈಯುತ್ತಿರುವ ಅಪ್ಪ. ಅಲ್ಲಿ ಶಾಯಿಯ ಒಂದು ಗೆರೆಯೂ ಇರಲಿಲ್ಲ; ಮೂಲೆಯಲ್ಲಿ ಸಹಿ ಮಾತ್ರ. ಇದು ನಿನ್ನದು, ಆದರೆ ಒಂದೇ ಚಿತ್ರ ನೋಡಿ ಸೀಟು ಕೊಡಲಾಗುವುದಿಲ್ಲ ಎಂದು ಫೋಲ್ಡರ್ ಮುಚ್ಚಿ ನನ್ನ ಕಡೆ ತಳ್ಳಿದರು.

ಕೂಕಟ್‌ಪಲ್ಲಿಯ ಮನೆಗೆ ಬಂದವಳೇ ಅದನ್ನು ಅಪ್ಪನ ಕಾಲಬುಡಕ್ಕೆ ಎಸೆದೆ.

"ಹಾಳ ಮಾಡಿಬಿಟ್ರಿ! ಎಲ್ಲಾ ಹಾಳ ಮಾಡಿಬಿಟ್ರಿ!"

"ಏನ ಹಾಳ? ಗೆರಿ ಎಲ್ಲಾ ಸೊಟ್ಟ ಇದ್ದವು. ತಪಾಸಣಿ ಇಲ್ಲದ ಹಂಗ ಕಳಿಸಿದ್ರ ಮಂದಿ ನಗ್ತಿದ್ರು."

"ನಕ್ಕರು! ನೀವು ತಿದ್ದಿದ್ದು ನೋಡೇ ನಕ್ಕರು!"

ಅಪ್ಪ ಬಗ್ಗಿ, ಚೆಲ್ಲಿದ ಹಾಳೆಗಳನ್ನು ಆಯತೊಡಗಿದರು. ನನಗೆ ಇನ್ನಷ್ಟು ರೇಗಿತು.

"ಮತ್ತ ನಿಮ್ಮ ಚಿತ್ರ ಒಂದ ಯಾಕ ಬಿಟ್ರಿ? ಅದೂ ಸೊಟ್ಟನ ಇತ್ತಲ್ಲ!"

ಅವರು ಆ ಹಾಳೆಯನ್ನು ಕೈಗೆತ್ತಿಕೊಂಡರು.

"ಅದರಾಗ ತಪ್ಪು ಸಿಗಲಿಲ್ಲವ್ವಾ."

ನಾನು ಅದನ್ನು ಅವರ ಕೈಯಿಂದ ಕಿತ್ತುಕೊಂಡು ಒಳಗೆ ಹೋದೆ. ಮುಂದಿನ ತಿಂಗಳು ಷರತ್ತಿನಂತೆ ಪಾಲಿಟೆಕ್ನಿಕ್ಕಿನ ಅರ್ಜಿ ತುಂಬಿ, ಪಾಲಕರ ಸಹಿಗೆಂದು ಅವರ ಮುಂದಿಟ್ಟೆ. ಅಪ್ಪ ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ. ಓದದೆ ಸಹಿ ಹಾಕಿದರು.